ಮುಖ ತೋರಿಸಿ ನಂಬರ್ ಒಯ್ಯಿರಿ

ತಿರ್ಲಾಪುರದ ಕಸ್ತೂರೆವ್ವನ ಮನೆಯಲ್ಲಿ ಇರುವುದು ಒಂದೇ ಫೋನು, ಆದರೆ ಅದು ಹನ್ನೊಂದು ಮನೆಗಳ ಫೋನು. ಆ ಓಣಿಯಲ್ಲಿ ಯಾರ ರೇಷನ್ ಕಾರ್ಡು ತೆಗೆದರೂ, ಯಾರ ಗ್ಯಾಸಿನ ಪುಸ್ತಕ, ಯಾರ ಬೆಳೆವಿಮೆಯ ಅರ್ಜಿ ನೋಡಿದರೂ ಫೋನ್ ನಂಬರಿನ ಜಾಗದಲ್ಲಿ ಬರೆದಿರುವುದು ಇವಳ ನಂಬರೇ. ಇದನ್ನು ಯಾರೂ ಕೂತು ಠರಾವು ಮಾಡಿದ್ದಲ್ಲ. ಗಂಡಸರು ಫೋನನ್ನು ಹೊಲಕ್ಕೆ ಒಯ್ಯುತ್ತಾರೆ, ಸಂತೆಗೆ ಒಯ್ಯುತ್ತಾರೆ, ಎಲ್ಲೋ ಕೆಡವಿ ಬರುತ್ತಾರೆ, ಹೊಸ ಸಿಮ್ ಹಾಕಿಸುತ್ತಾರೆ. ಕಸ್ತೂರೆವ್ವ ಎಲ್ಲಿಗೂ ಹೋಗುವವಳಲ್ಲ. ಗಂಡ ಮಡಿವಾಳೆಪ್ಪ ತೀರಿಕೊಂಡ ಮೇಲೆ ನವಲಗುಂದದ ಒಂದು ಖಾನಾವಳಿಗೆ ದಿನಾ ನೂರೈವತ್ತು ಜೋಳದ ರೊಟ್ಟಿ ಬಡಿದು ಕಳಿಸುತ್ತಾಳೆ. ಮುಂಜಾನೆಯಿಂದ ಮಧ್ಯಾಹ್ನದ ತನಕ ಒಲೆಯ ಮುಂದೆ, ಆಮೇಲೆ ಕಟ್ಟೆಯ ಮೇಲೆ. ಫೋನು ಗೋಡೆಯ ಗೂಡಿನಲ್ಲಿ. ಬೇಕೆಂದಾಗ ಕೈಗೆ ಸಿಗುವ ಮನುಷ್ಯಳ ನಂಬರು ಕೊಡದೆ ಇನ್ನಾರದು ಕೊಡಬೇಕು?

ಈಗಂತೂ ಏನು ಮಾಡಬೇಕೆಂದರೂ ಮೊದಲು ಫೋನಿಗೆ ಆರಂಕಿ ಬರಬೇಕು. ಅಕ್ಕಿಗೆ ಆರಂಕಿ, ಗ್ಯಾಸಿಗೆ ಆರಂಕಿ, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಆರಂಕಿ. ಮೆಸೇಜು ಬರುವುದು ಇಂಗ್ಲಿಷಿನಲ್ಲಿ. ಕಸ್ತೂರೆವ್ವ ಕಲಿತದ್ದು ಮೂರನೇ ಇಯತ್ತೆ. ಅಂಕಿ ಓದುತ್ತಾಳೆ, ಇಂಗ್ಲಿಷ್ ಅಕ್ಷರ ಅವಳಿಗೆ ಬರುವುದಿಲ್ಲ. ಅದು ಯಾವ ಕಚೇರಿಯಿಂದ ಬಂತು, ಯಾರಿಗೆ ಬಂತು, ಅವಳಿಗೆ ತಿಳಿಯುವ ದಾರಿಯೇ ಇಲ್ಲ. ಫೋನು ಟಿಣ್ ಎಂದ ಕೂಡಲೇ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲಿಗೆ ಬಂದು ಕೂಗುತ್ತಾಳೆ: "ನಂಬರ ಬಂದೈತಿ, ಯಾರದೈತಿ ಬರ್ರಿ." ಯಾರದೋ ಅವರು ಓಡಿ ಬರುತ್ತಾರೆ. ಕಸ್ತೂರೆವ್ವ ಒಂದೊಂದೇ ಅಂಕಿ ಬಿಡಿಸಿ ಓದುತ್ತಾಳೆ, ಒಮ್ಮೆಯಲ್ಲ, ಎರಡು ಸಲ. ಹೀಗೆ ನಾಲ್ಕು ವರ್ಷ ನಡೆಯಿತು, ಒಂದು ಅಂಕಿ ಆಚೀಚೆ ಆಗಲಿಲ್ಲ.

ಆದದ್ದು ಎದುರುಮನೆಯ ಕೆಂಚವ್ವನ ವಿಷಯದಲ್ಲಿ. ಹೋದ ವರ್ಷ ಯುಗಾದಿಯ ಮರುವಾರ ಕಸ್ತೂರೆವ್ವನ ಫೋನಿಗೆ ಒಂದು ಕರೆ ಬಂತು. ಆ ಕಡೆ ಒಬ್ಬ ಹೆಣ್ಣುಮಗಳು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಕೆಂಚವ್ವನ ಮಗಳು ತಾನು, ಗದಗಿನ ದವಾಖಾನೆಯಲ್ಲಿದ್ದೇನೆ, ಈಗ ಒಂದು ನಂಬರ್ ಬಂದಿದೆ, ಬೇಗ ಹೇಳಿ ಅಂದಳು. ಕೆಂಚವ್ವನನ್ನು ಕರೆದು ಫೋನು ಕೊಟ್ಟರೆ ಆ ಮುದುಕಿ "ಯವ್ವಾ, ಯವ್ವಾ" ಎನ್ನುವುದರಲ್ಲೇ ಕರಗಿಹೋದಳು. ಅಂಕಿ ಓದಿ ಹೇಳಿದವಳು ಕಸ್ತೂರೆವ್ವ. ಸಂಜೆಯೊಳಗೆ ಕೆಂಚವ್ವ ಬ್ಯಾಂಕಿನಲ್ಲಿ ಕೂಡಿಟ್ಟಿದ್ದೆಲ್ಲ ಹೋಯಿತು. ಮಗಳು ನೋಡಿದರೆ ತನ್ನ ಮನೆಯಲ್ಲಿ ಆರಾಮಾಗಿ ಶಾವಿಗೆ ಹೊಸೆಯುತ್ತ ಕೂತಿದ್ದಳು.

ಕೆಂಚವ್ವ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಕಸ್ತೂರೆವ್ವ ಮೂರು ದಿನ ಉಣ್ಣಲಿಲ್ಲ. "ಆ ಆರು ಅಂಕಿ ಹೇಳಿದ ನಾಲಿಗಿ ನಂದು, ಇದಕ್ಕ ಬರಿ ಕೊಡಬೇಕು," ಎಂದು ಒಲೆಯ ಮುಂದೆ ಕೂತು ತನ್ನನ್ನೇ ಬೈದುಕೊಂಡಳು. ಬ್ಯಾಂಕಿನವರು ಬಂದು ಶಾಲೆಯ ಮುಂದೆ ಮೀಟಿಂಗ್ ಮಾಡಿ, ಯಾರು ಅತ್ತರೂ ಕರೆದರೂ ಫೋನಿನಲ್ಲಿ ನಂಬರ್ ಹೇಳಬೇಡಿ ಅಂದರು. ಉಳಿದವರು ಕೇಳಿ ಮನೆಗೆ ಹೋದರು. ಕಸ್ತೂರೆವ್ವ ಅದನ್ನು ವ್ರತ ಹಿಡಿದಳು. ಅಂದಿನಿಂದ ಅವಳದು ಒಂದೇ ಮಾತು: "ಮುಖಾ ತೋರಿಸಿ ನಂಬರ ಒಯ್ಯಿರಿ. ಫೋನಿನ್ಯಾಗ ಸಾಕ್ಷಾತ್ ಶಿವಾ ಕೇಳಿದ್ರೂ ಹೇಳಂಗಿಲ್ಲ." ಹೊಲದಿಂದ ಫೋನು ಮಾಡಿ ಕೇಳಿದವರು ಬೈದುಕೊಂಡು ಊರಿಗೆ ಬಂದು ಮುಖ ತೋರಿಸಿ ಒಯ್ದರು. ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ, ತಪ್ಪೇನು?

ಕಸ್ತೂರೆವ್ವನಿಗೂ ಒಬ್ಬ ಮಗಳಿದ್ದಾಳೆ, ನೇತ್ರಾ. ಒಬ್ಬಳೇ. ರೊಟ್ಟಿ ಬಡಿದೇ ಅವಳಿಗೆ ನರ್ಸಿಂಗ್ ಓದಿಸಿದಳು. ನೇತ್ರಾಳ ದನಿ ಎಂದರೆ ಊರಿಗೇ ಗೊತ್ತು. ಮಠದಲ್ಲಿ ಅವಳು ವಚನ ಹೇಳಲು ನಿಂತರೆ ಕೊನೆಯ ಸಾಲಿನ ಕಿವುಡ ಮುದುಕನೂ ತಲೆದೂಗುತ್ತಿದ್ದ. ಓದು ಮುಗಿದ ವರ್ಷವೇ ಕಲಘಟಗಿಯ ಬಾಜು ಹಳ್ಳಿಯ ಕಾಶಿನಾಥನಿಗೆ ಕೊಟ್ಟು ಮದುವೆ ಮಾಡಿದರು. ಹೊಲಮನೆ ಇದ್ದ ಕುಳ. ಸೊಸೆ ಕೆಲಸಕ್ಕೆ ಹೋಗುವುದು ಅವರಿಗೆ ಸೇರಲಿಲ್ಲ. ಕಾಶಿನಾಥನ ಕೈ ಮುಂದು ಎಂಬುದು ತಿಳಿದದ್ದು ಆಮೇಲೆ.

ನೇತ್ರಾ ಎರಡು ಸಲ ತವರಿಗೆ ಬಂದಿದ್ದಳು, ಎರಡು ಸಲವೂ ಕಸ್ತೂರೆವ್ವನೇ ಬಸ್ಸು ಹತ್ತಿಸಿ ತಿರುಗಿ ಕಳಿಸಿದ್ದಳು. "ಹೊಂದಿಕೊಂಡು ಹೋಗಬೇಕು ಬೇ. ನನ್ನ ಹಂತ್ಯಾಕ ಏನೈತಿ, ಈ ಹಂಚು ಒಂದು ಬಿಟ್ರ?" ಎರಡನೆಯ ಸಲ ಬಸ್ಸಿನ ಕಿಟಕಿಯಲ್ಲಿ ಮಗಳ ಕೊರಳ ಮೇಲೆ ಐದು ಬೆರಳು ಮೂಡಿದ್ದು ಕಂಡಿತು. ಕಂಡಮೇಲೂ ಬಸ್ಸು ಹೋಯಿತು. ಆ ರಾತ್ರಿಯಿಂದ ಕಸ್ತೂರೆವ್ವನಿಗೆ ಸಮ ನಿದ್ದೆ ಇಲ್ಲ. ಮರುವಾರ ಫೋನು ಮಾಡಿ ಹೇಳಿದಳು: "ನೀ ಒಂದು ಕೆಲಸಾ ಹಿಡಿ. ನಿನ್ನ ಕಾಲ ಮ್ಯಾಲೆ ನಿಂದ್ರು. ಕೆಲಸಾ ಸಿಕ್ಕ ದಿನ ನಾನ ಬಂದು ಕರಕೊಂಡ ಹೊಂಡತೀನಿ. ಯಾರು ಅಡ್ಡ ಬರತಾರ ನೋಡೂಣು."

ಆಸ್ಪತ್ರೆಗಳ ಕೆಲಸಕ್ಕೆಂದೇ ಒಂದು ಆ್ಯಪ್ ಇತ್ತು. ಓದು ಮುಗಿದಾಗಲೇ ನೇತ್ರಾ ಅದರಲ್ಲಿ ಹೆಸರು ಹಚ್ಚಿದ್ದಳು, ಅವಳಿಗೂ ತಾಯಿಯ ನಂಬರೇ. ಗಂಡನ ಮನೆಯಲ್ಲಿ ತನ್ನ ಫೋನಿನಲ್ಲಿ ಅದನ್ನು ಹಾಕಿಕೊಂಡ ದಿನ, ಇನ್ನೂ ಕೆಂಚವ್ವನ ಗದ್ದಲ ಆಗಿರದ ಕಾಲ ಅದು, ಆರಂಕಿ ಬಂತು, ಕಸ್ತೂರೆವ್ವ ಫೋನಿನಲ್ಲೇ ಓದಿ ಹೇಳಿದಳು. ಆಮೇಲೆ ಒಂದೂವರೆ ವರ್ಷ ನೇತ್ರಾ ಮತ್ತೆ ಕೇಳಲೇ ಇಲ್ಲ. ಕಸ್ತೂರೆವ್ವನಿಗೆ ಅದೇ ಒಂದು ಚಿಂತೆ. ಕೇಳುವ ನೆಪದಲ್ಲಾದರೂ ಮಗಳು ನಾಲ್ಕು ಮಾತಾಡುತ್ತಿದ್ದಳಲ್ಲ.

ನವಲಗುಂದದಲ್ಲಿ ಸಾಧಿಕನ ಮೊಬೈಲ್ ಅಂಗಡಿ ಇದೆ. ರೀಚಾರ್ಜಿಗೆ ಹೋದಾಗ ಅವನನ್ನೇ ಕೇಳಿದಳು. "ತಮ್ಮಾ, ಎಲ್ಲಾರೂ ಹತ್ತ ಸಲ ಬಂದು ನಂಬರ ಕೇಳತಾರ, ನನ್ನ ಮಗಳ ಆ್ಯಪಿಗೆ ಯಾಕ ಬ್ಯಾಡ?"

ಸಾಧಿಕ ತಾಳ್ಮೆಯ ಹುಡುಗ. "ಅವ್ವಾರ, ಗುಡ್ಯಾಗ ಚಪ್ಪಲಿ ಬಿಟ್ಟಾಗ ಬಿಲ್ಲೆ ಕೊಡತಾರಲ್ರಿ? ಹಂಗ. ಮೊದಲನೇ ಸಲ ನಂಬರ ಕೇಳಿ, ನೀವ ಹೌದು ಅಂತ ಖಾತ್ರಿ ಮಾಡಿಕೊಂಡು, ಆ ಕಡಿ ಕಂಪ್ಯೂಟರ್ ಒಂದು ಟೋಕನ್ ಕೊಡತೈತ್ರಿ. ಅದು ಫೋನಿನ್ಯಾಗ ಕುಂತಿರತೈತಿ. ಆಮ್ಯಾಲೆ ಆ್ಯಪ್ ತೆಗೆದಾಗೊಮ್ಮೆ ಫೋನು ತಾನ ಆ ಟೋಕನ್ ತೋರಸತೈತಿ, ಅವರು ಬರ್ರಿ ಅಂತಾರ. ಮನುಷ್ಯಾರ ಮುಖಾ ಯಾರ ನೋಡತಾರ್ರಿ ಅಲ್ಲಿ?"

"ಮತ್ತ ಆ ಬಿಲ್ಲೆ ಕಳದ್ರ?"

"ಫೋನು ಒಡೀತು, ಹೊಸಾದರಾಗ ಹಾಕಿದ್ರಿ ಅಂದ್ರ ಟೋಕನ್ ಹೋತ್ರಿ. ಮತ್ತ ನಿಮ್ಮ ಕಡೀನ ನಂಬರ ಬರಬೇಕು. ಅದಕ್ಕ ಹತ್ತ ನಿಮಿಷ ಆಯುಷ್ಯ."

ಕಸ್ತೂರೆವ್ವ ತಲೆದೂಗಿ ಬಂದಳು. ಎಲ್ಲ ತಿಳಿಯಿತು ಅವಳಿಗೆ. ಅದೇ ಈಗ ಕರುಳು ತಿನ್ನುವುದು, ತಿಳಿದಿತ್ತು ಎನ್ನುವುದು.

ಹೋದ ವರ್ಷ ಹಿಂಗಾರಿ ಬಿತ್ತನೆ ಮುಗಿಯುವ ಹೊತ್ತಿಗೆ ನೇತ್ರಾ ಫೋನು ಮಾಡಿದಳು. ದನಿ ಕುಣಿಯುತ್ತಿತ್ತು. "ಯವ್ವಾ, ಹುಬ್ಬಳ್ಳಿ ದವಾಖಾನ್ಯಾಗ ಆರಿಸ್ಯಾರ. ಇರಾಕ ಹಾಸ್ಟೆಲಿನ್ಯಾಗ ಖೋಲಿನೂ ಕೊಡತಾರಂತ. ಎಂಟ ದಿವಸದಾಗ ಆರ್ಡರ್ ಬರತೈತಿ, ಆ್ಯಪಿನ್ಯಾಗ. ಎರಡ ದಿವಸದೊಳಗ ಒಪ್ಪಿಗಿ ಒತ್ತಬೇಕು. ಒತ್ತಿದ ಕೂಡಲೇ ನೀ ಬಂದಬಿಡು." ಕಸ್ತೂರೆವ್ವ ಫೋನನ್ನು ಗೂಡಿನಲ್ಲಿಟ್ಟು ಲಿಂಗಕ್ಕೆ ಕೈಮುಗಿದಳು. ಟ್ರಂಕಿನಿಂದ ಒಳ್ಳೆಯ ಇಳಕಲ್ ಸೀರೆ ತೆಗೆದು ಮೊಳೆಗೆ ಹಾಕಿಟ್ಟಳು, ಮಗಳನ್ನು ಕರೆತರುವ ದಿನ ಉಡಲೆಂದು.

ಮರುದಿನದಿಂದ ನೇತ್ರಾಳ ಫೋನು ಬಂದ್. ಮೂರನೇ ದಿನ ಕಾಶಿನಾಥನ ಫೋನಿಗೆ ಹಚ್ಚಿದರೆ, "ಆಕಿ ಫೋನು ಬಿದ್ದು ಒಡದೈತ್ರಿ ಅತ್ತಿ, ಆರಾಮ ಅದಾಳ್ರಿ," ಅಂದ. ಫೋನು ಒಡೆದಿದೆ ಎಂದರೆ ಟೋಕನ್ ಹೋಗಿದೆ. ಟೋಕನ್ ಹೋಗಿದೆ ಎಂದರೆ ನಂಬರ್ ತನಗೇ ಬರಬೇಕು, ಮಗಳು ಬೇರೆ ಯಾರದೋ ಫೋನಿನಿಂದ ಕೇಳಬೇಕು. ಇದನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಬುದ್ಧಿ ಆಗ ಕಸ್ತೂರೆವ್ವನಿಗೆ ಹೊಳೆದಿದ್ದರೆ ಈ ಕಥೆಯನ್ನು ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಅವಳು ಯೋಚಿಸಿದ್ದು ಒಂದೇ: ನನ್ನ ಮಗಳನ್ನು ಹೊಡೆದನೇನೋ. ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಅವಳ ಬುದ್ಧಿಯದೂ ಹಾಗೇ ಆಯಿತು.

ಎಂಟನೇ ದಿನ ಗುರುವಾರ. ಮಧ್ಯಾಹ್ನ ರೊಟ್ಟಿಯ ಗಂಟು ಬಸ್ಸಿಗೆ ಹಾಕಿ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಕೆಂಚವ್ವ, ಇನ್ನಿಬ್ಬರು ಹೆಣ್ಣುಮಕ್ಕಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಫೋನು ಟಿಣ್ ಎಂದಿತು. ಕಸ್ತೂರೆವ್ವ ನೋಡಿದಳು, ಆರಂಕಿ. ರೂಢಿಯಂತೆ ಕೂಗಿದಳು: "ನಂಬರ ಬಂದೈತಿ, ಯಾರದೈತಿ ಬರ್ರಿ." ಯಾರೂ ಬರಲಿಲ್ಲ. ಮತ್ತೆ ಕೂಗಿದಳು. ಓಣಿಯ ತುದಿಯಿಂದ "ನಮ್ಮದಲ್ಲ" ಎಂದು ಯಾರೋ ಅಂದರು.

ಆಗ ಕರೆ ಬಂತು. ಗುರುತಿಲ್ಲದ ನಂಬರು. ಎತ್ತಿದಳು.

"ಯವ್ವಾ." ಅಳು ಬೆರೆತ ಪಿಸುದನಿ. ಬಾಯಲ್ಲಿ ಅರಿವೆ ತುರುಕಿಕೊಂಡು ಮಾತಾಡಿದಂತೆ, ಅಕ್ಷರಕ್ಕೆ ಅಂಚೇ ಇಲ್ಲ. "ಯವ್ವಾ, ನಾ... ನಿನ್ನ ಮಗಳು. ಈಗ ನಂಬರ ಬಂದೈತಲ್ಲ, ಲಗೂನ ಹೇಳು."

ಕಸ್ತೂರೆವ್ವನ ಮೈಗೆ ಬೆಂಕಿ ಬಿದ್ದಂತಾಯಿತು. ಅದೇ ಮಾತು. ಕೆಂಚವ್ವನ ಮನೆ ತೊಳೆದ ಅದೇ ಮಾತು, ಅದೇ ಅಳು, ಅದೇ ಅವಸರ. ಫೋನಿನ ಸ್ಪೀಕರ್ ಒತ್ತಿ ಕಟ್ಟೆಯ ಮೇಲಿಟ್ಟಳು, ಎಲ್ಲರೂ ಕೇಳಲಿ ಎಂದು. "ಯಾರ ಮಗಳು ಬೇ ನೀ?"

"ನೇತ್ರಾ ಯವ್ವಾ. ಹತ್ತ ನಿಮಿಷ ಅಷ್ಟ..."

"ಹೆಸರೂ ತಿಳಕೊಂಡೀರೇನು? ನನ್ನ ಮಗಳ ದನಿ ನನಗ ಗೊತ್ತಿಲ್ಲೇನು? ಗಂಟಿ ಬಾರಿಸಿದಂಗ ಮಾತಾಡತಾಳ ಆಕಿ. ಹಿಂಗ ಲೊಳಲೊಳ ಅಳಾಕಿ ಅಲ್ಲ."

"ಯವ್ವಾ, ಬಾಯಿ... ಬಾಯಾಗ..."

"ಬಾಯಾಗ ಮಣ್ಣ ಬೀಳಲಿ ನಿನ್ನ. ಎಷ್ಟ ಮಂದಿ ತಾಯಂದಿರ್ನ ಮುಳಗಿಸೀರಿ ಹಿಂಗ? ನಿನ್ನಂಥಾಕಿ ನನ್ನ ಹೊಟ್ಟ್ಯಾಗ ಹುಟ್ಟಿಲ್ಲ, ತಿಳೀತಿಲ್ಲ? ನಂಬರ ಬೇಕಾದ್ರ ಬಂದು ಮುಖಾ ತೋರಿಸಿ ಒಯ್ಯಿ."

ಫೋನು ಕಟ್ ಆಯಿತು. ಕೆಂಚವ್ವ ಕಣ್ಣೊರೆಸಿಕೊಂಡು, "ಭಲೇ ತಂಗಿ, ನನ್ನ ಹೊಟ್ಟಿ ತಣ್ಣಗ ಮಾಡಿದಿ," ಅಂದಳು. ಕಸ್ತೂರೆವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮೆಣಸಿನಕಾಯಿಯ ಮುಂದೆ ಕೂತಳು. ಅಷ್ಟು ದಿನದ ಭಾರ ಇಳಿದಂತೆ ಅನಿಸಿತ್ತು ಅವಳಿಗೆ.

ಸಂಜೆ ಆರು ಗಂಟೆಯ ಸುಮಾರಿಗೆ ಅದೇ ನಂಬರಿನಿಂದ ಮತ್ತೆ ಕರೆ ಬಂತು. ಬೈಯಲೆಂದೇ ಎತ್ತಿದಳು. ಈ ಸಲದ ದನಿ ಬೇರೆ, ಸ್ಪಷ್ಟವಾದ ದನಿ. "ಅವ್ವಾರ, ನಾ ರೇಷ್ಮಾ ಅಂತ್ರಿ. ನಿಮ್ಮ ನೇತ್ರಾಕ್ಕನ ಬಾಜೂಮನಿಯಾಕಿ. ಮಧ್ಯಾಹ್ನ ನನ್ನ ಫೋನಿಂದ ಮಾತಾಡಿದಾಕಿ ಖರೇನ ಆಕೀನ್ರಿ. ಅವರತ್ತಿ ಹಿಟ್ಟಿನ ಗಿರಣಿಗೆ ಹೋಗಿದ್ರು, ಅದಕ್ಕ ನಾ ಬಾಗಲದಾಗ ಕಾಯಕೋತ ನಿಂತಿದ್ದೆ. ಎಂಟ ದಿನದ ಹಿಂದ ಕೆಲಸದ ಸುದ್ದಿ ತಿಳದು ಹೊಡದಾನ್ರಿ. ದವಡಿ ಬಾತೈತಿ, ಎರಡ ಹಲ್ಲ ಹೋಗ್ಯಾವ. ಮಾತ ಬರವಲ್ದು ಆಕಿಗೆ." ಆಮೇಲೆ, "ಆರ್ಡರ್ ಮಂಗಳವಾರನ ಬಂದಿತ್ತಂತ, ಒಪ್ಪಿಗಿ ಕೊಡಾಕ ಇವತ್ತ ಐದ ಗಂಟೆಗೆ ಟೈಮ್ ಮುಗೀತ್ರಿ," ಎಂದಳು.

ಫೋನು ಕೈಯಿಂದ ಜಾರಿದ್ದೂ ಕಸ್ತೂರೆವ್ವನಿಗೆ ಗೊತ್ತಾಗಲಿಲ್ಲ. ಕೆಂಚವ್ವ ಬಂದು ನೋಡಿದಾಗ ಆರಿದ ಒಲೆಯ ಮುಂದೆ ಕೂತು ಎರಡೂ ಕೈಯಿಂದ ಬಾಯಿ ಬಡಿದುಕೊಳ್ಳುತ್ತಿದ್ದಳು.

ಮರುದಿನ ಮೊದಲ ಬಸ್ಸಿಗೆ ಹೊರಟಳು. ಇಳಕಲ್ ಸೀರೆ ಮೊಳೆಯಲ್ಲೇ ಉಳಿಯಿತು. ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಅಲ್ಲಿಂದ ಟಂಟಂ ರಿಕ್ಷಾ. ದಾರಿಯುದ್ದಕ್ಕೂ ಆ ಮೆಸೇಜು ತೆಗೆದು ನೋಡಿದಳು. ನಾಲ್ಕು, ಒಂದು, ಏಳು, ಸೊನ್ನೆ, ಮೂರು, ಎಂಟು. ಹುಬ್ಬಳ್ಳಿಗೆ ಬರುವಷ್ಟರಲ್ಲಿ ಬಾಯಿಪಾಠ ಆಗಿತ್ತು.

ಕಾಶಿನಾಥ ಮನೆಯಲ್ಲಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಏನೋ ಹೇಳಹೋದಳು; ಕಸ್ತೂರೆವ್ವ ಅವಳನ್ನು ಬದಿಗೆ ಸರಿಸಿ ಒಳಗೆ ನಡೆದಳು. ಅಡುಗೆಮನೆಯಲ್ಲಿ ನೇತ್ರಾ ಗೋಡೆಗೆ ಮುಖ ಮಾಡಿ ಕೂತು ಕಾಳು ಹಸನು ಮಾಡುತ್ತಿದ್ದಳು. ತಲೆಯಿಂದ ದವಡೆಗೆ ಹಳೆಯ ಸೆರಗಿನ ತುಂಡು ಕಟ್ಟಿದ್ದಳು.

"ನೇತ್ರಾ."

ಅವಳು ತಿರುಗಲಿಲ್ಲ. ಕಸ್ತೂರೆವ್ವ ಹತ್ತಿರ ಹೋಗಿ ಕುಸಿದು ಕೂತಳು. "ನನ್ನವ್ವಾ, ನಾ ಪಾಪಿ. ನನಗ ಗುರುತ ಹತ್ತಲಿಲ್ಲ. ನಿನ್ನ ದನಿ ನನಗ ಗುರುತ ಹತ್ತಲಿಲ್ಲ."

ನೇತ್ರಾ ಕಟ್ಟಿದ ಅರಿವೆಯನ್ನು ನಿಧಾನವಾಗಿ ಬಿಚ್ಚಿದಳು. ತಾಯಿಯ ಕಡೆಗೆ ತಿರುಗಿದಳು. ಎಡಗೆನ್ನೆ ಕಪ್ಪಾಗಿ ಕಣ್ಣಿನ ತನಕ ಏರಿತ್ತು, ತುಟಿ ಒಂದು ಬದಿಗೆ ಎಳೆದಿತ್ತು. ಆ ತುಟಿಯಿಂದಲೇ, ಒಂದೊಂದೇ ಮಾತು ಹೊರಡಿಸಿ ಅಂದಳು:

"ಮುಖಾ ತೋರಿಸೀನಿ ಯವ್ವಾ. ಈಗರೆ ಕೊಡು."

ಕಸ್ತೂರೆವ್ವನಿಗೆ ಫೋನು ತೆಗೆಯಬೇಕಾಗಲಿಲ್ಲ. ಆ ಮುಖ ನೋಡುತ್ತಲೇ ಹೇಳಿದಳು. ನಾಲ್ಕು. ಒಂದು. ಏಳು. ಸೊನ್ನೆ. ಮೂರು. ಎಂಟು. ರೂಢಿಯಂತೆ ಎರಡು ಸಲ. ಆ ಅಂಕಿ ಸತ್ತು ಒಂದು ದಿನವಾಗಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ನೇತ್ರಾ ಕಿಟಕಿಯ ಬದಿಗೆ ಕೂತಳು. ಹುಬ್ಬಳ್ಳಿ ದಾಟಿದ ಮೇಲೆ ಒಂದೇ ಒಂದು ಮಾತಾಡಿದಳು. "ಎರಡ ಸಲ ತಿರುಗಿ ಕಳಿಸಿದ್ದಿ. ಅದಕ್ಕ, ಹೊಟ್ಟ್ಯಾಗ ಹುಟ್ಟಿಲ್ಲ ಅಂದಾಗ ಖರೇನ ಅನಕೊಂಡೆ." ಸಿಟ್ಟಿನಲ್ಲಿ ಅಂದದ್ದಲ್ಲ. ಸಿಟ್ಟಾಗಿದ್ದರೆ ಕಸ್ತೂರೆವ್ವ ಕಾಲು ಹಿಡಿಯುತ್ತಿದ್ದಳು.

ನವಲಗುಂದದಲ್ಲಿ ಇಳಿದು ಸಾಧಿಕನ ಅಂಗಡಿಗೆ ಹೋದರು. ಅವನು ನೇತ್ರಾಳ ಮುಖ ನೋಡಿ ತಲೆ ತಗ್ಗಿಸಿದ. ಒಂದು ಹಳೆಯ ಫೋನು ತೆಗೆದು ಆ್ಯಪ್ ಹಾಕಿದ. ಕಸ್ತೂರೆವ್ವನ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಅವಳು ಹೊಸ ಆರಂಕಿ ಓದಿದಳು, ನೇತ್ರಾ ಒತ್ತಿದಳು. ಆ್ಯಪಿನ ಬಾಗಿಲು ತೆರೆಯಿತು. ನೇತ್ರಾಳ ಹೆಸರು, ಓದಿದ ಕಾಲೇಜು, ನಗುತ್ತಿದ್ದ ಹಳೆಯ ಫೋಟೊ, ಎಲ್ಲ ಇದ್ದಂತೆಯೇ ಇತ್ತು. ಅರ್ಧ ನಿಮಿಷದ ಕೆಲಸ. ಅದರ ಕೆಳಗೆ ಎರಡು ಸಾಲು ಇಂಗ್ಲಿಷಿನಲ್ಲಿ. ಸಾಧಿಕ ಅವನ್ನು ಎರಡು ಸಲ ಓದಿದ. ಆಮೇಲೆ ಆಸ್ಪತ್ರೆಗೆ ಫೋನು ಹಚ್ಚಿ ಕೊಟ್ಟ. ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು: ಅವಧಿ ಮುಗಿದಿದೆ ಮೇಡಂ, ಕೆಲಸ ಮುಂದಿನ ಹೆಸರಿಗೆ ಹೋಗಿದೆ, ಅವರು ಒಪ್ಪಿಗೆ ಒತ್ತಿದ್ದಾರೆ.

"ಟೋಕನ್ ಅಂತೂ ಹೊಸಾದು ಬಂದೈತ್ರಿ ಅವ್ವಾರ," ಅಂದ ಸಾಧಿಕ, ಏನಾದರೂ ಒಳ್ಳೆಯದು ಹೇಳಬೇಕೆಂದು. "ಇನ್ನ ನಂಬರ ಕೇಳಂಗಿಲ್ಲ."

ಇದಾಗಿ ಏಳು ತಿಂಗಳು. ನೇತ್ರಾ ತಾಯಿಯ ಮನೆಯಲ್ಲೇ ಇದ್ದಾಳೆ. ಅಳಿಯ ಎರಡು ಸಲ ಬಂದ. ಕಸ್ತೂರೆವ್ವ ಕೊಳ್ಳಿ ಹಿಡಿದು ಬಾಗಿಲಲ್ಲಿ ನಿಂತಳು, ಓಣಿಯ ಹನ್ನೊಂದು ಮನೆಯೂ ಅವಳ ಹಿಂದೆ ನಿಂತಿತು. ದವಡೆ ಕೂಡಿದೆ, ಸ್ವಲ್ಪ ಓರೆಯಾಗಿ. ಆ ದನಿ ಮಾತ್ರ ತಿರುಗಿ ಬರಲಿಲ್ಲ. ಮಠದವರು ವಚನ ಹೇಳಲು ಕರೆದರು, ಅವಳು ಹೋಗಲಿಲ್ಲ. ಆ್ಯಪಿನಲ್ಲಿ ಮತ್ತೆ ಅರ್ಜಿ ಹಾಕು ಎಂದು ರೇಷ್ಮಾ ಫೋನು ಮಾಡಿ ಹೇಳುತ್ತಾಳೆ. ಹಾಕತೇನಿ ಅನ್ನುತ್ತಾಳೆ. ಹಾಕಿಲ್ಲ. ದಿನಾ ತಾಯಿಯ ಎದುರು ಕೂತು ಹಿಟ್ಟು ನಾದುತ್ತಾಳೆ.

ಓಣಿಯ ನಂಬರುಗಳು ಈಗಲೂ ಕಸ್ತೂರೆವ್ವನ ಫೋನಿಗೇ ಬರುತ್ತವೆ. ಆದರೆ ಅವಳು ಮೊದಲಿನಂತೆ ಒಮ್ಮೆಲೇ ಬಾಗಿಲಿಗೆ ಹೋಗಿ ಕೂಗುವುದಿಲ್ಲ. ಫೋನು ಟಿಣ್ ಎಂದರೆ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು, ಮೊದಲು ಮಗಳ ಕಡೆ ತಿರುಗಿ ಕೇಳುತ್ತಾಳೆ, "ನಿಂದೇನವ್ವಾ?"

ಟೋಕನ್ ಇರುವ ತನಕ ಅದು ಅವಳದಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿದೆ. ನೇತ್ರಾ ಹಿಟ್ಟಿನಿಂದ ತಲೆ ಎತ್ತುವುದಿಲ್ಲ. "ನಂದಲ್ಲ ಯವ್ವಾ," ಅನ್ನುತ್ತಾಳೆ. ಆಮೇಲೆ ಕಸ್ತೂರೆವ್ವ ಬಾಗಿಲಿಗೆ ಹೋಗುತ್ತಾಳೆ.